ದೇಸಾಯರ ಸೈಲೆನ್ಸರ್

೬ ಫೆಬ್ರವರಿ ೧೯೫೧, ಮಂಗಳವಾರ. ಗೋಕಾಕ

ಇವತ್ತು ಘೋಡಗೇರಿಯಲ್ಲಿ ನಮ್ಮನ್ನು ಎದುರುಗೊಂಡವರು ಎರಡು ನಾಯಿಗಳು ಮತ್ತು ಒಬ್ಬ ಕುರುಡ ಮುದುಕ. ಮಿಕ್ಕ ಊರೆಲ್ಲ ಬಾಗಿಲಿಗೆ ಚಿಲಕ ಹಾಕಿ, ಮಕ್ಕಳನ್ನು ಹೊತ್ತುಕೊಂಡು ಜೋಳದ ಹೊಲ ಸೇರಿತ್ತು. ಸಿಡುಬಿಗೆ ಹೆದರಿ ಓಡಿದರೆ ಅರ್ಥವಿದೆ. ಸಿಡುಬು ಬರದ ಹಾಗೆ ಲಸಿಕೆ ಹಾಕುವವನಿಗೆ, ಅವರ ಬಾಯಲ್ಲಿ 'ದೇವಿ ಹಾಕುವವನಿಗೆ', ಹೆದರಿ ಓಡುವ ಜನಕ್ಕೆ ಏನು ಹೇಳಬೇಕು! ಮಂಗಳವಾರ ಸಿಡುಬಿನ ದೇವತೆ ಅವ್ವನ ವಾರ, ಸೂಜಿ ಮುಟ್ಟಿಸಿಕೊಳ್ಳುವುದಿಲ್ಲ ಎಂದು ಗೊತ್ತಿದ್ದೂ ಹೋದದ್ದು ನನ್ನ ತಪ್ಪು ಎನ್ನೋಣ. ಹೋದ ವಾರ ಬುಧವಾರ ಹೋದಾಗಲೂ ಇದೇ ಕಥೆಯಾಗಿತ್ತಲ್ಲ.

ಎಲ್ಲದಕ್ಕೂ ಮೂಲ ಈ ಜೀಪು. ಲಡಾಯಿ ಮುಗಿದ ಮೇಲೆ ಪಲ್ಟನ್ನಿನವರು ಬೇಡವೆಂದು ಬಿಟ್ಟ ಗಾಡಿಯನ್ನು ಕಚೇರಿಯವರು ನನ್ನ ಕೊರಳಿಗೆ ಕಟ್ಟಿದ್ದಾರೆ. ಓಡುವುದೇನೋ ಓಡುತ್ತದೆ, ಹಳ್ಳ, ದಿನ್ನೆ, ಉತ್ತ ಹೊಲ ಯಾವುದಕ್ಕೂ ಹಿಂದೆಮುಂದೆ ನೋಡುವುದಿಲ್ಲ. ಆದರೆ ಅದರ ಸೈಲೆನ್ಸರ್ ತುಕ್ಕು ಹಿಡಿದು ಹೊಟ್ಟೆ ಒಡೆದುಕೊಂಡಿದೆ. ಘಟಪ್ರಭೆಯ ಈ ದಡದಲ್ಲಿ ಎಂಜಿನ್ ಚಾಲೂ ಮಾಡಿದರೆ ಆ ದಡದ ಊರು ಖಾಲಿಯಾಗುತ್ತದೆ.

"ಇದು ಗಾಡಿ ಅಲ್ರಿ ಸಾಹೇಬ್ರ, ಡಂಗುರ ಐತಿ," ಎಂದ ರಾಜಪ್ಪ. ಅವನು ನಮ್ಮ ಡ್ರೈವರ್. ಲಡಾಯಿಯಲ್ಲಿ ಈಜಿಪ್ತಿನ, ಅವನ ಬಾಯಲ್ಲಿ ಮಿಸರದ, ಮರಳಿನಲ್ಲಿ ಇಂಥದೇ ಗಾಡಿ ಓಡಿಸಿದವನು. ಅವನ ಮಾತು ಕೇಳಿದರೆ ಲಡಾಯಿ ಗೆದ್ದವನು ಅವನೊಬ್ಬನೇ.

ಊರ ಗೌಡರು ಬಸವಣ್ಣೆಪ್ಪ ಮಾತ್ರ ಓಡದೆ ಚಾವಡಿಯ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನನ್ನ ಮಾಮೂಲಿ ಮಾತು ತೆಗೆದೆ. "ಗೌಡ್ರ, ಈ ಮಾರಿ ನೋಡ್ರಿ. ದೇವಿ ಹಾಕಾಂವ ಬಂದಾನಂತ ನಮ್ಮವ್ವ ನನ್ನ ಹೊಲದಾಗ ಮುಚ್ಚಿಟ್ಟಿದ್ಲು. ಅದರ ಗುರುತ ಇವು." ಸಿಡುಬಿನ ಕಲೆ ತುಂಬಿದ ಈ ಮುಖವನ್ನು ನಾನು ಎಲ್ಲರಿಗೂ ಮೊದಲು ತೋರಿಸುತ್ತೇನೆ. ಲಸಿಕೆಗಿಂತ ಮುಖವೇ ಹೆಚ್ಚು ಕೆಲಸ ಮಾಡಿದೆ.

ಗೌಡರು ಮುಖ ನೋಡಿದರು, ಮರುಗಿದರು, ಆಮೇಲೆ ಜೀಪಿನ ಕಡೆ ಕೈ ತೋರಿಸಿದರು. "ನಿಮ್ಮ ಮಾತ ಖರೆ ಐತ್ರಿ. ಆದ್ರ ಅವ್ವ ಊರಾಗ ಅದಾಳ. ಒಗ್ಗರಣಿ ಹಾಕಾಂಗಿಲ್ಲ, ಒಳ್ಳಿನ್ಯಾಗ ಕುಟ್ಟಾಂಗಿಲ್ಲ, ಡಂಗುರ ಸೈತ ಹೊಡಸಿಲ್ಲ ನಾವು. ಅಂಥಾದ್ರಾಗ ನೀವು ಈ ಭೂತಾನ ತಗೊಂಡ ಬಂದ್ರ ಅಕಿ ಸಿಟ್ಟಿಗೇಳೂದಿಲ್ಲೇನ್ರಿ? ಸಪ್ಪಳ ಇಲ್ದ ಬರ್ರಿ. ನಾನ ಮುಂದ ನಿಂತ ಮಂದೀಗೆ ಹೇಳ್ತೇನಿ."

ಪೆಟ್ಟಿಗೆ ಮುಚ್ಚಿ ಹೊರಡುವ ಹೊತ್ತಿಗೆ ಹೊಲದ ಕಡೆಯಿಂದ ಒಂದಿಷ್ಟು ಹೆಂಗಸರು ಕೂಸುಗಳನ್ನು ಕಂಕುಳಲ್ಲಿಟ್ಟುಕೊಂಡು ಏದುಸಿರು ಬಿಡುತ್ತ ಬಂದರು. ಹಕ್ಕಿ ಕಾಯಲು ಹೊಲದಲ್ಲೇ ಗುಡಿಸಲು ಹಾಕಿಕೊಂಡವರು. ವಾರಗೀರ ನೋಡದೆ ಮಕ್ಕಳ ತೋಳು ಮುಂದೆ ಮಾಡಿದರು. ಇಂಥವರು ಎಲ್ಲ ಊರಲ್ಲೂ ಇರುತ್ತಾರೆ, ಆದರೆ ಯಾವಾಗಲೂ ತಡವಾಗಿಯೇ ಬರುತ್ತಾರೆ. ಲಸಿಕೆಯ ಗಾಜಿನ ನಳಿಗೆಯನ್ನು ಅವರಿಗಾಗಿ ಮತ್ತೊಮ್ಮೆ ಒಡೆಯಬೇಕು; ಈ ಬಿಸಿಲಲ್ಲಿ ಒಡೆದದ್ದು ಬೇಗ ಕೆಡುತ್ತದೆ. ಬೈದುಕೊಂಡೇ ಹಾಕಿದೆ.

೯ ಫೆಬ್ರವರಿ

ಗೋಕಾಕದಲ್ಲಿ ಶಿದ್ರಾಮನ ಬೆಸುಗೆ ಅಂಗಡಿಗೆ ಗಾಡಿ ಒಯ್ದೆವು. ಶಿದ್ರಾಮ ಗಾಡಿಯ ಕೆಳಗೆ ಮಲಗಿ ನೋಡಿ, ಮಣ್ಣು ಕೊಡವಿಕೊಂಡು ಎದ್ದ.

"ಸೈಲೆನ್ಸರ್ ಅನ್ನೂದು ಉಳದಿಲ್ರಿ ಇದರಾಗ. ಬರೇ ಮ್ಯಾಲಿನ ಚಿಪ್ಪ ಐತಿ. ಒಳಗಿನ ತಗಡ ಎಲ್ಲಾ ಉದರಿ ಹೋಗ್ಯಾವ."

"ಮತ್ತೇನ ಮಾಡೂದಪಾ?"

"ತಗಡ ಸುತ್ತಿ ಬೆಸಗಿ ಹಾಕಬಹುದು. ಇಲ್ಲಾ, ಲಾರಿದು ಒಂದ ಬಿದ್ದೈತಿ, ಅದನ್ನ ಕೂಡಸಬಹುದು. ಇಲ್ಲಾ, ಬೆಳಗಾವಿ ಗುಜರಿ ಬಜಾರದಾಗ ಇದರದ ಅಸಲಿ ಮಾಲ ಹುಡಕಬೇಕು."

ರಾಜಪ್ಪ ಅಸಲಿಯೇ ಬೇಕೆಂದು ಹಟ ಹಿಡಿದ. "ಮಿಸರದಾಗ ನಾವು..." ಎಂದು ಶುರು ಮಾಡುತ್ತಿದ್ದಂತೆ ಶಿದ್ರಾಮ ಬಾಯಿ ಹಾಕಿದ, "ಇಲ್ಲಿ ಮಿಸರ ಇಲ್ಲೋ ಮಾರಾಯಾ, ಘೋಡಗೇರಿ ಹಳ್ಳ ಐತಿ." ಇಬ್ಬರ ಜಗಳ ಮುಗಿಯುವವರೆಗೆ ಕಾಯುವಷ್ಟು ತಾಳ್ಮೆ ನನಗಿಲ್ಲ. ಘೋಡಗೇರಿಯಲ್ಲಿ ಮತ್ತೆರಡು ಮನೆಗಳ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದಾರಂತೆ, ಅಂದರೆ ಅಲ್ಲಿಯೂ ಅವ್ವ ಬಂದಳೆಂದೇ ಲೆಕ್ಕ. ತಗಡೇ ಸುತ್ತು ಎಂದೆ.

ಊಟಕ್ಕೆ ಬಡಿಸುತ್ತ ಹೆಂಡತಿ ಸತ್ತೆವ್ವ ಕೇಳಿದಳು, "ಸೈಲೆನ್ಸರ್ ಅಂದ್ರ ಏನ್ರಿ?"

"ಗಾಡಿ ಬಾಯಿ ಮುಚ್ಚಸೂದು."

"ಹಂಗಾದ್ರ ಮನೀಗೂ ಒಂದ ತಂದ ಹಚಗೋರಿ," ಎಂದು ನಕ್ಕಳು. ಮನೆಯಲ್ಲಿ ಯಾರ ಬಾಯಿ ದೊಡ್ಡದೆಂದು ಅವಳೇ ಹೇಳಲಿ!

೧೩ ಫೆಬ್ರವರಿ

ತಗಡು ಹುಕ್ಕೇರಿ ದಾರಿಯಲ್ಲಿ ಕಿತ್ತುಬಿತ್ತು. ಎಲ್ಲಿ ಬಿತ್ತೋ ಗೊತ್ತಿಲ್ಲ. ಸಪ್ಪಳ ಮೊದಲಿಗಿಂತ ಜೋರಾಗಿದೆ. ಯಾವ ಊರಿಗೂ ಹೋಗಲಿಲ್ಲ, ಹೋಗಿ ಏನು ಪ್ರಯೋಜನ!

೧೭ ಫೆಬ್ರವರಿ

ಎರಡು ಸೈಲೆನ್ಸರ್ ನೋಡಿದ್ದಾಯಿತು. ಪರೀಕ್ಷೆಯ ರೀತಿ ಹೀಗೆ. ನಾನು ಊರ ಹೊರಗೆ ಬೇವಿನ ಮರದ ಕೆಳಗೆ ದಾರಿಗೆ ಬೆನ್ನು ಮಾಡಿ ನಿಲ್ಲುತ್ತೇನೆ. ರಾಜಪ್ಪ ದೂರದಿಂದ ಗಾಡಿ ಹೊಡೆದುಕೊಂಡು ಬರುತ್ತಾನೆ. ಕಿವಿಗೆ ಬಿದ್ದ ಕೂಡಲೇ ನಾನು ಕೈ ಎತ್ತಬೇಕು. ಎಮ್ಮೆ ಮೇಯಿಸುವ ಮುದುಕಿಯೊಬ್ಬಳು ನನ್ನನ್ನು ನೋಡಿ, "ಯಪ್ಪಾ, ಯಾರಿಗೆ ಕೈ ಮಾಡಾಕತ್ತೀರಿ? ನಿಮ್ಮ ಮಾರಿ ಆ ಕಡೆ ಐತಲ್ಲ!" ಎಂದು ಕೇಳಿದಳು. ತಲೆ ಕೆಟ್ಟವನು ಎಂದುಕೊಂಡಿರಬೇಕು.

ಬೆಳಗಾವಿಯಿಂದ ತರಿಸಿದ ಅಸಲಿ ಮಾಲು ಗಾಡಿಗೆ ಚೆನ್ನಾಗಿ ಕೂತಿತು. ಆದರೆ ಸಪ್ಪಳ ಅರ್ಧ ಇಳಿದಿತ್ತು ಅಷ್ಟೇ. ಪಲ್ಟನ್ನಿನವರಿಗೆ ಗಾಡಿ ಓಡಿದರೆ ಸಾಕಿತ್ತು, ಕದ್ದು ಹೋಗಬೇಕಾಗಿರಲಿಲ್ಲ. ಲಾರಿಯದ್ದು ಹಾಕಿದಾಗ ಗಾಡಿ ಒಳ್ಳೆ ಮೆತ್ತಗಾಯಿತು, ನಾನು ಕೈ ಎತ್ತುವುದರೊಳಗೆ ರಾಜಪ್ಪ ಹತ್ತಿರವೇ ಬಂದಿದ್ದ. ಕುಣಿಯುವಷ್ಟು ಸಂತೋಷವಾಯಿತು. ಹಳ್ಳ ದಾಟುವಾಗ ಆ ಭಾರದ ಡಬ್ಬಿ ಕಲ್ಲಿಗೆ ಬಡಿದು, ಪೈಪು ಮುರಿದು ನೀರಲ್ಲಿ ಬಿತ್ತು. ಮೊಣಕಾಲುದ್ದ ನೀರಿನಲ್ಲಿ ತಡಕಾಡಿ ತೆಗೆದೆವು. ತೆಗೆದು ಏನು ಮಾಡುವುದು!

ಘೋಡಗೇರಿಯಲ್ಲಿ ಎರಡು ಕೂಸು ಹೋದವು ಎಂದು ಸುದ್ದಿ. ನಾನಿಲ್ಲಿ ಡಬ್ಬಿ ಆರಿಸುತ್ತ ಕೂತಿದ್ದೇನೆ.

೨೩ ಫೆಬ್ರವರಿ. ಹುಕ್ಕೇರಿ

ಸಿಕ್ಕಿತು.

ಹುಕ್ಕೇರಿಯ ಹತ್ತಿರ ದೇಸಾಯರೊಬ್ಬರ ಹಳೆಯ ವಾಡೆ, ಅರಮನೆಯಂಥ ಮನೆ. ದೇಸಾಯರು ತೀರಿಕೊಂಡು ಬಹಳ ವರ್ಷವಾಯಿತು, ಅವರ ಮೋಟಾರು ಇನ್ನೂ ಹಿತ್ತಲಿನ ಚಪ್ಪರದಲ್ಲಿ ನಿಂತಿದೆ. ಗಾಲಿ ಇಲ್ಲ, ಸೀಟಿನ ಮೇಲೆ ಕೋಳಿ. ಶಿದ್ರಾಮ ಒಳಗೆ ತೂರಿ ಸೈಲೆನ್ಸರಿಗೆ ಬೆರಳಿನಿಂದ ಬಡಿದು, "ಗಟ್ಟಿ ಐತ್ರಿ" ಎಂದ.

ದೇಸಾಯರ ಹೆಂಡತಿ, ಎಲ್ಲರೂ ಬಾಯೀಸಾಹೇಬರು ಎನ್ನುವ ಮುದುಕಿ, ಬಾಗಿಲಲ್ಲಿ ನಿಂತು ನಮ್ಮನ್ನು ನೋಡುತ್ತಿದ್ದರು. ಮಕ್ಕಳಿಗೆ ದೇವಿ ಹಾಕುವ ಗಾಡಿಗೆ ಬೇಕೆಂದು ಕೇಳಿದೆ.

"ಒಯ್ಯಿರಿ. ಕೋಳಿ ತತ್ತಿ ಇಡಾಕ ಸೈಲೆನ್ಸರ್ ಬೇಕಾಗೂದಿಲ್ಲ," ಎಂದರು. ಆಮೇಲೆ ತಾವೇ, "ಭಾಳ ಮೆತ್ತಗಿನ ಗಾಡಿ ಅದು. ಅವರು ಬಂದದ್ದ ನನಗ ತಿಳೀತಿರಲಿಲ್ಲ. ಅಡಗಿ ಆಗೂದ್ರಾಗ ಪಡಸಾಲ್ಯಾಗ ಬಂದ ಕುಂತಿರತಿದ್ರು. ಹೇಳಿ ಬರಬಾರದೇನ್ರಿ ಅಂತ ನಾ ಬೈತಿದ್ನಿ," ಎಂದರು.

ರಾಜಪ್ಪ ನನ್ನ ಕಿವಿಯಲ್ಲಿ, "ಕೇಳಿದ್ರೇನ್ರಿ? ಹೇಂತಿಗೇ ಕೇಳಿಸಿಲ್ಲಂದ್ರ ಮುಗೀತು!" ಎಂದ.

ಲಾರಿ ಡಬ್ಬಿಯ ಹಾಡು ಮತ್ತೆ ಆಗಬಾರದೆಂದು ಶಿದ್ರಾಮ ಇದನ್ನು ಗಾಡಿಯ ಹೊಟ್ಟೆಗೆ ಹಾಕಲಿಲ್ಲ. ಬಾಜೂಕ್ಕೆ ಮೇಲೆತ್ತಿ ಪಟ್ಟಿ ಬಿಗಿದ, ಪೈಪನ್ನು ಬಾಗಿಸಿ ಹಿಂದಿನ ಸೀಟಿನ ಎತ್ತರಕ್ಕೆ ತಂದ. ನೋಡಲು ಚೆಂದವಿಲ್ಲ. ಕಲ್ಲು ತಾಕುವುದಿಲ್ಲ, ನೀರು ನುಗ್ಗುವುದಿಲ್ಲ. ಇಲ್ಲಿಯೂ ಒಂದು ಬೇವಿನ ಮರ ಹುಡುಕಿ, ದಾರಿಗೆ ಬೆನ್ನು ಮಾಡಿ ನಿಂತೆ. ನಿಂತೇ ಇದ್ದೆ. ರಾಜಪ್ಪ ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಇಟ್ಟಾಗ ನಾನಿನ್ನೂ ಕೈ ಎತ್ತಿರಲಿಲ್ಲ.

೨೬ ಫೆಬ್ರವರಿ

ಘೋಡಗೇರಿ. ನಾವು ಚಾವಡಿಗೆ ಹೋಗಿ ಇಳಿದ ಮೇಲೂ ಊರಿಗೆ ಗೊತ್ತಿರಲಿಲ್ಲ. ಹೆಂಗಸರು ನೀರು ಸೇದುತ್ತಿದ್ದರು, ಹುಡುಗರು ಗೋಲಿ ಆಡುತ್ತಿದ್ದರು. ಬಸವಣ್ಣೆಪ್ಪ ಗೌಡರು ಎದ್ದು ಬಂದು ಜೀಪಿನ ಸುತ್ತ ಒಂದು ಸುತ್ತು ಹಾಕಿ, "ಈಗ ನೋಡ್ರಿ ಮನಶ್ಯಾ ಬಂದಂಗ ಬಂತು," ಎಂದರು. ಆಡಿದ ಮಾತಿಗೆ ತಪ್ಪಲಿಲ್ಲ, ತಮ್ಮ ಮೊಮ್ಮಕ್ಕಳನ್ನೇ ಮೊದಲು ಕರೆತಂದರು. ಆಮೇಲೆ ಒಬ್ಬೊಬ್ಬರಾಗಿ ಬಂದರು. ನನ್ನ ಮುಖ ನೋಡಿ ಒಬ್ಬ ಪೋರಿ ಅತ್ತಳು, ಅವಳ ತಾಯಿ ನಕ್ಕಳು, ನಾನೂ ನಕ್ಕೆ.

ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ಮೊದಲೇ ಈ ಬುದ್ಧಿ ಬಂದಿದ್ದರೆ ಆ ಎರಡು ಕೂಸುಗಳು ಉಳಿಯುತ್ತಿದ್ದವೋ ಏನೋ.

೫ ಮಾರ್ಚ್

ಮೇಲವಂಕಿ. ಇಲ್ಲಿ ಇನ್ನೂ ಬೇನೆ ಬಂದಿಲ್ಲ, ಆದರೆ ಘೋಡಗೇರಿ ಕಡೆಯಿಂದ ನೆಂಟರ ಓಡಾಟವಿದೆ. ಬರುವುದರೊಳಗೆ ಮುಗಿಸಬೇಕು. ಹಿಂದಿನ ದಿನ ಡಂಗುರ ಹೊಡೆಸುವ ಪದ್ಧತಿಯನ್ನು ನಾನೇ ನಿಲ್ಲಿಸಿದ್ದೇನೆ. ಓಡುವವರಿಗೆ ಮುಂಚೆಯೇ ಸುದ್ದಿ ಕೊಡುವುದು ಯಾವ ಜಾಣತನ!

ಒಂದು ಓಣಿಯ ಆ ತುದಿಯಲ್ಲಿ ಊರು ಕಾಯುವ ವಾಲೀಕಾರ, ಈ ತುದಿಯಲ್ಲಿ ರಾಜಪ್ಪ. ನಡುವೆ ನಾನು. ಗೊತ್ತಾಗುವುದರೊಳಗೆ ಅರ್ಧ ಓಣಿ ಹಿಡಿದೆವು. ಒಬ್ಬಳು ಮಗನನ್ನು ಕಾಳಿನ ಕಣಜದೊಳಗೆ ಇಳಿಸಿ ಮೇಲೆ ಬುಟ್ಟಿ ಮುಚ್ಚಿದ್ದಳು. ಬುಟ್ಟಿ ಸೀನಿತು. ರಾಜಪ್ಪ ಅವನನ್ನು ಎರಡೂ ರಟ್ಟೆ ಹಿಡಿದು ಎತ್ತಿದ, ಹುಡುಗ ಕಾಳು ಸುರಿಸುತ್ತ ಮೇಲೆ ಬಂದ. ನಗು ತಡೆಯಲಿಲ್ಲ.

ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು. ಪೆಟ್ಟಿಗೆ ಮುಚ್ಚಿದ ಮೇಲೆ ಹೊಲದಿಂದ ಓಡಿ ಬರುವವರ ಕಾಟವೂ ಈ ಸಲ ಇಲ್ಲ. ನಳಿಗೆ ದಂಡವಾಗಲಿಲ್ಲ. ಸುಗ್ಗಿ ಜೋರಾಗಿದೆ, ಅರ್ಧ ಊರು ಕಣದಲ್ಲೇ ಬಿಡಾರ ಹೂಡಿ ರಾಶಿ ಮಾಡುತ್ತಿದೆ. ಅವರಿಗೆ ಮಕ್ಕಳಿಗಿಂತ ಜೋಳವೇ ಹೆಚ್ಚಾಯಿತು ಎಂದು ಕಾಣುತ್ತದೆ. ಬೇಕಿದ್ದವರು ಬರುತ್ತಿದ್ದರು.

೧೨ ಮಾರ್ಚ್

ಮೂಡಲಗಿ ಕಡೆಯ ಊರುಗಳು. ಇಡೀ ದಿನ ಹಿಡಿಯುವುದೇ ಆಯಿತು. ಒಬ್ಬ ಹುಡುಗ ಕಚ್ಚಿದ. ಕೈ ಬಾತಿದೆ, ಬರೆಯಲು ಕಷ್ಟ. ಮುಖ ತೋರಿಸಿ ಮಾತಾಡುತ್ತ ಕೂತರೆ ಆಗುವ ಕೆಲಸವಲ್ಲ ಇದು. ಮಾತು ಮುಗಿಯುವುದರೊಳಗೆ ಮಕ್ಕಳು ಹಿತ್ತಲ ಬಾಗಿಲಿನಿಂದ ಜಾರಿರುತ್ತವೆ.

ಸತ್ತೆವ್ವನ ಮುಂದೆ ಎಲ್ಲವನ್ನೂ ಹೇಳಿದೆ, ಕಣಜದ ಹುಡುಗನ ಕಥೆಯನ್ನೂ ಮತ್ತೊಮ್ಮೆ. ಅವಳು ನಗಲಿಲ್ಲ. "ನೀವು ದೇವಿ ಹಾಕಾಕ ಹೊಕ್ಕೀರೊ, ಮೊಲಾ ಹಿಡ್ಯಾಕ ಹೊಕ್ಕೀರೊ?" ಎಂದಳು. ಕೈಗೆ ಅರಿಷಿಣ ಹಚ್ಚುತ್ತ ಇಂಥ ಮಾತಾಡುತ್ತಾಳೆ. ಅವಳಿಗೇನು ಗೊತ್ತು, ಮನೆಯಲ್ಲಿ ಕೂತು! ಉಣ್ಣದೆ ಎದ್ದೆ.

೧೯ ಮಾರ್ಚ್

ನಮ್ಮ ಜೀಪಿಗೆ ಈಗ ಕಳ್ಳಗಾಡಿ ಎಂದು ಹೆಸರು. ಊರ ಹೊರಗಿನ ಮರಗಳಲ್ಲಿ ಹುಡುಗರನ್ನು ಕಾವಲು ಕೂರಿಸಿದ್ದಾರೆ. ಧೂಳು ಕಂಡರೆ ಸಿಳ್ಳೆ. ಇವತ್ತು ಒಂದು ಕಲ್ಲು ಬಂದು ಮುಂದಿನ ಗಾಜಿಗೆ ಬಿತ್ತು. ಜೋಳ ಕೊಯ್ದು ಹೊಲ ಬಯಲಾಗಿದೆ, ಅಡಗಲು ಜಾಗವಿಲ್ಲ. ಆದರೂ ಎಲ್ಲೋ ಅಡಗುತ್ತಾರೆ.

ತಾನಾಗಿ ಬಂದವರು ಇವತ್ತೂ ಒಬ್ಬರೂ ಇಲ್ಲ. ಮೊದಲೆಲ್ಲ ಬೈಸಿಕೊಂಡಾದರೂ ನಾಲ್ಕು ಮಂದಿ ಬರುತ್ತಿದ್ದರು. ಜನವೇ ಕೆಟ್ಟಿದ್ದಾರೆ, ನಾನೇನು ಮಾಡಲಿ.

೨೨ ಮಾರ್ಚ್

ಹೋದೆ. ಬಂದೆ. ಬಿಸಿಲು.

೨೭ ಮಾರ್ಚ್

ಮೇಲವಂಕಿಯಲ್ಲಿ ಸಿಡುಬು.

ನಾವು ಓಣಿ ಓಣಿ ಮುಗಿಸಿ ಬಂದ ಊರು! ಲಸಿಕೆಯೇ ಕೆಟ್ಟಿತ್ತೇನೋ ಎಂದು ಮೊದಲು ಅನುಮಾನ ಬಂತು. ಒದ್ದೆ ಬಟ್ಟೆ ಸುತ್ತಿ ಮಡಕೆಯಲ್ಲಿಟ್ಟು ಒಯ್ದದ್ದು ನಾನೇ. ಆಮೇಲೆ ವಾಲೀಕಾರ ಹೇಳಿದ, ಊರೊಳಗೆ ಒಂದೂ ಇಲ್ಲವಂತೆ. ಎಲ್ಲವೂ ಹೊಲದ ಕಣಗಳಲ್ಲಿ. ನಾಳೆ ಹೋಗಬೇಕು. 

೨೮ ಮಾರ್ಚ್

ಬರೆಯಬಾರದು ಎಂದುಕೊಂಡಿದ್ದೆ.

ಜೀಪನ್ನು ದಾರಿಯಲ್ಲಿ ಬಿಟ್ಟು ಹೊಲದೊಳಗೆ ನಡೆದು ಹೋದೆವು. ಮೊದಲನೆಯ ಕಣದಲ್ಲಿ ಒಬ್ಬ ಹೆಂಗಸು ಮೊರದಿಂದ ಜೋಳ ಕೇರುತ್ತಿದ್ದಳು. ಗುಡ್ಡವ್ವ ಎಂದು ಹೆಸರು, ವಾಲೀಕಾರ ಹೇಳಿದ. ಗಂಡ ಉದ್ದಪ್ಪ ಎತ್ತಿಗೆ ಮೇವು ಹಾಕುತ್ತಿದ್ದ. ಗುಡಿಸಲಿನ ಬಾಗಿಲಿಗೆ ಬೇವಿನ ಸೊಪ್ಪು ಬಾಡಿ ಜೋತಿತ್ತು. ಕೂಸು ಎಲ್ಲಿ ಎಂದು ಕೇಳಿದೆ. ಉದ್ದಪ್ಪ ಬದುವಿನ ಕಡೆ ನೋಡಿದ. ಅಲ್ಲಿ ಹಸಿ ಮಣ್ಣಿನ ಸಣ್ಣ ಗುಪ್ಪೆ, ಮೇಲೆ ಮುಳ್ಳು ಹೊದಿಸಿದ್ದರು. ಲಗಮಪ್ಪ ಅಂತ, ನಡೆಯಲು ಕಲಿತಿದ್ದನಂತೆ.

ಅವ್ವ ಕರೆದುಕೊಂಡ ಕೂಸಿಗೆ ಅಳುವಂತಿಲ್ಲ, ಅತ್ತರೆ ಅವಳು ಮುನಿಯುತ್ತಾಳೆ. ಗುಡ್ಡವ್ವ ಅಳಲಿಲ್ಲ. ಕೇರುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ದೇವಿ ಸಾಹೇಬ್ರ, ನಿಮ್ಮ ಗಾಡೀಗೆ ಏನಾಗಿತ್ರಿ?"

"ಯಾಕವಾ?"

"ನಾ ಕಿವಿ ಕೊಟ್ಟ ಕುಂತಿದ್ನಿ. ಹ್ವಾದ ವರ್ಷ ಸಪ್ಪಳ ಕೇಳಿ ದೊಡ್ಡಾಕಿನ್ನ ಎತಗೊಂಡ ಓಡಿ ಬಂದಿದ್ನಿ, ನೀವು ಬೈಕೋತ ಹಾಕಿದ್ರಿ. ಈ ವರ್ಷ ಇಂವಂದ ಹಾಕಸೂದಿತ್ತು. ಸಪ್ಪಳ ಬಂತಂದ್ರ ಮರಾ ಒಗದ ಓಡ್ತೇನಿ, ಸಿಟ್ಟಾಗಬ್ಯಾಡ್ರಿ ಅಂತ ಇವರಿಗೆ ಹೇಳಿಟ್ಟಿದ್ನಿ. ರಾಶಿ ಮಾಡೂ ಮುಂದ ಕೇಳಸೂದಿಲ್ಲಂತ ಎತ್ತಿನ ಗೆಜ್ಜಿ ಬಿಚ್ಚಿಸಿದ್ನಿ." ಮೊರವನ್ನು ಕೆಳಗಿಟ್ಟಳು. "ನೀವು ಬಂದ ಹ್ವಾದ್ರಂತಲ್ರಿ. ಊರಾಗಿನ ಮಂದಿ ಮೊನ್ನೆ ಹೇಳಿದ್ರು."

ಎತ್ತುಗಳ ಕೊರಳು ಬರಿದಾಗಿದ್ದವು. ಅವುಗಳನ್ನು ನೋಡುತ್ತ ನಿಂತೆ, ಅವಳನ್ನು ನೋಡಲಾಗಲಿಲ್ಲ. ಸೈಲೆನ್ಸರ್ ಬದಲಾಯಿಸಿದೆ ಎಂದು ಹೇಳಲು ಬಾಯಿ ತೆರೆದೆ. ಯಾಕೆ ಬದಲಾಯಿಸಿದೆ ಎಂದು ಅವಳು ಕೇಳಿದರೆ? ಓಡುವವರನ್ನು ಹಿಡಿಯಲು ಎನ್ನಲೇ, ಓಡಿ ಬರುವವಳ ಮುಂದೆ?  ಉದ್ದಪ್ಪನೇ, "ನೀರ ಕುಡೀರಿ ಸಾಹೇಬ್ರ" ಎಂದು ತಂಬಿಗೆ ಕೊಟ್ಟ. ಕುಡಿದೆ. ನಾಚಿಕೆಯಿಲ್ಲದೆ ಕುಡಿದೆ.

ಪಕ್ಕದ ಕಣಗಳಿಗೂ ಹೋದೆವು. ಎಲ್ಲ ಕಡೆ ಬೇವಿನ ಸೊಪ್ಪು. ಎಲ್ಲ ಕಡೆ ಅದೇ ಮಾತು, ಕೇಳಿಸಲೇ ಇಲ್ಲ ಎಂದು. ಬೇನೆ ಇಲ್ಲದ ಮಕ್ಕಳಿಗಾದರೂ ಈಗ ಹಾಕುತ್ತೇನೆ ಎಂದೆ. ಅವ್ವ ಇರುವಾಗ ಸೂಜಿ ಮುಟ್ಟಿಸಬಾರದು, ಅವಳನ್ನು ಕಳಿಸಿದ ಮೇಲೆ ಬನ್ನಿ ಎಂದರು. ಅಷ್ಟರಲ್ಲಿ ಹೊತ್ತು ಮೀರುತ್ತದೆ ಎಂದು ಹೇಳಿದೆ, ಕೈ ಮುಗಿದೆ, ಮುಖ ತೋರಿಸಿದೆ. ಬಹಳ ದಿನದ ಮೇಲೆ ತೋರಿಸಿದೆ. ಯಾರೂ ನೋಡಲಿಲ್ಲ.

ಬರುವಾಗ ದಾರಿಯುದ್ದಕ್ಕೂ ರಾಜಪ್ಪ ಮಾತಾಡಲಿಲ್ಲ. ಎಂಜಿನ್ನೂ ಮಾತಾಡಲಿಲ್ಲ. ಆ ಮೆತ್ತಗಿನ ಗಾಡಿಯಲ್ಲಿ ಕೂರುವುದೇ ಬೇಡವೆನಿಸಿತು.

೩೦ ಮಾರ್ಚ್

ಸತ್ತೆವ್ವನಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು "ಎತ್ತಿನ ಗೆಜ್ಜಿ ಬಿಚ್ಚಿಸಿದ್ಲಾ?" ಎಂದಷ್ಟೇ ಕೇಳಿದಳು. ಒಳಗೆ ಹೋಗಿ ಅತ್ತಳು. ನಮ್ಮ ಮನೆಯಲ್ಲಿ ಅಳಬಾರದೆಂಬ ಕಟ್ಟಳೆ ಇಲ್ಲ.

೩೧ ಮಾರ್ಚ್

ಶಿದ್ರಾಮನ ಅಂಗಡಿ. ತೆಗೆ ಎಂದೆ.

"ಯಾವದನ್ನ ಹಾಕೂನ್ರಿ ಮತ್ತ?"

"ಯಾವದೂ ಬ್ಯಾಡ."

"ಸಾಹೇಬ್ರ, ಇಂಥಾ ಮಾಲ ಮತ್ತ ಸಿಗೂದಿಲ್ರಿ. ದೇಸಾಯರದು!"

"ತಿಳೀತು. ತೆಗಿ."

ರಾಜಪ್ಪ ಒಪ್ಪಲಿಲ್ಲ. ಬರೀ ಪೈಪಿನಲ್ಲಿ ಗಾಡಿ ಓಡಿಸಿದರೆ ಘೋಡಗೇರಿ ಗೌಡರು ಇನ್ನು ಊರೊಳಗೆ ಬಿಡುವುದಿಲ್ಲ, ಹಿಡಿದ ಊರುಗಳೆಲ್ಲ ಮತ್ತೆ ಕೈ ತಪ್ಪುತ್ತವೆ ಎಂದ. ಸರಿಯಾಗಿಯೇ ಹೇಳಿದ. ಓಡುವವರು ಓಡುತ್ತಾರೆ, ಅವರ ಮಕ್ಕಳಲ್ಲೂ ಕೆಲವು ಸಾಯುತ್ತವೆ. ಸಪ್ಪಳ ಮಾಡಿದರೆ ಒಂದಿಷ್ಟು ಮಕ್ಕಳು, ಮಾಡದಿದ್ದರೆ ಬೇರೆ ಒಂದಿಷ್ಟು. ಯಾವ ಡಬ್ಬಿ ಹಾಕಿದರೂ ಯಾರೋ ಒಬ್ಬರ ಬದುವಿನಲ್ಲಿ ಮಣ್ಣು ಗುಪ್ಪೆಯಾಗುತ್ತದೆ. ಇಷ್ಟು ದಿನ ನಾನು ಆರಿಸುತ್ತಿದ್ದದ್ದು ಇದನ್ನೇ ಎಂದು ನನಗೆ ತಿಳಿದಿರಲಿಲ್ಲ. ತಿಳಿದ ಮೇಲೂ ಆರಿಸಲೇಬೇಕಲ್ಲ, ಅಯ್ಯೋ ದೇವರೇ!

ಬರುವವರನ್ನು ಬಿಟ್ಟು ಓಡುವವರ ಬೆನ್ನು ಹತ್ತುವುದು ಇನ್ನು ನನ್ನಿಂದಾಗದು. ತೆಗೆಸಿದೆ.

೪ ಏಪ್ರಿಲ್, ಬುಧವಾರ

ಮೇಲವಂಕಿ. ಕಣದವರು ಮೊನ್ನೆ ಪೂಜೆ ಮಾಡಿ ಅವ್ವನನ್ನು ಊರ ಗಡಿ ದಾಟಿಸಿ ಕಳಿಸಿದರಂತೆ.

ಬರೀ ಪೈಪಿನ ಸಪ್ಪಳಕ್ಕೆ ನನ್ನ ಹಲ್ಲೇ ನಡುಗುತ್ತಿತ್ತು. ಊರು ಕಾಣುವ ಮೊದಲೇ ಬಾಗಿಲು ಹಾಕಿಕೊಳ್ಳುವ ಸದ್ದು ಶುರುವಾಗಿರಬೇಕು. ನಾವು ಚಾವಡಿಗೆ ಬಂದಾಗ ಓಣಿಯಲ್ಲಿ ಒಂದು ಕೋಳಿಯೂ ಇರಲಿಲ್ಲ. ಒಬ್ಬ ಮುದುಕ ಕಿಟಕಿಯಿಂದ, "ಮತ್ತ ಬಂದ್ರಲ್ಲೋ!" ಎಂದು ಕೂಗಿ ಮುಚ್ಚಿಕೊಂಡ. 

ಗಾಡಿಯನ್ನು ಊರ ಹೊರಗೆ ಹೊಲದ ದಾರಿಗೆ ತಂದು ನಿಲ್ಲಿಸಿದೆವು. ಎಂಜಿನ್ ನಡೆದೇ ಇತ್ತು. ಸುಮ್ಮನೆ ಕಾದೆವು. ಬಿಸಿಲು ನೆತ್ತಿಗೆ ಬಂತು. ಲಸಿಕೆಯ ಮಡಕೆಯ ಬಟ್ಟೆಯನ್ನು ಮತ್ತೆ ಮತ್ತೆ ಒದ್ದೆ ಮಾಡಿದೆ. ಯಾರೂ ಇಲ್ಲ. ಇನ್ನು ಯಾರು ಬರುತ್ತಾರೆ, ಬರುವವರ ಮಕ್ಕಳೆಲ್ಲ ಮಣ್ಣು ಸೇರಿದ ಮೇಲೆ? ಪೆಟ್ಟಿಗೆ ಮುಚ್ಚೋಣ ಎಂದೆ. ಯಾವಾಗಲೂ ಮುಚ್ಚಿದ ಮೇಲೇ ಬರುತ್ತಾರೆಂದು ಬೈಯುತ್ತಿದ್ದವನು ನಾನೇ, ಅದು ನೆನಪಾಗಿ ಮುಚ್ಚಲಿಲ್ಲ. ಮತ್ತೆ ಕೂತೆ.

ಆಮೇಲೆ ಬದುವಿನ ಮೇಲೆ ಗುಡ್ಡವ್ವ ಕಂಡಳು. ಸೆರಗು ಬಿಗಿದು ಓಡುತ್ತಿದ್ದಳು. ಕಂಕುಳಲ್ಲಿ ಒಂದು ಕೂಸು, ಕೈಯಲ್ಲಿ ಇನ್ನೊಂದು, ಹಿಂದೆ ಓಡುತ್ತ ಬರುವ ನಾಲ್ಕಾರು ಮಕ್ಕಳು. ನಾನು ಎದ್ದು ನಿಂತೆ. ಅವಳು ಬಂದು ಕಂಕುಳಿನ ಕೂಸನ್ನು ಜೀಪಿನ ಮುಂದಿನ ಬಾನೆಟ್ಟಿನ ಮೇಲೆ ಕೂರಿಸಲು ಹೋದಳು. ಬಿಸಿ ಇದೆಯೆಂದು ನಾನು ಎತ್ತಿಕೊಂಡೆ.

"ಇವು ನನ್ನವಲ್ರಿ," ಎಂದಳು, ಏದುಸಿರಿನ ನಡುವೆ. "ಬಾಜೂ ಕಣದಾವು. ಇವರವ್ವ ಒಲ್ಲೆ ಅಂದ್ಲು, ನಾ ಕಸಗೊಂಡ ಬಂದೀನಿ. ಹಾಕ್ರಿ."

ಹಾಕಿದೆ. ಒಂದೊಂದು ಮಗುವಿನ ತೋಳನ್ನೂ ಅವಳೇ ಹಿಡಿದುಕೊಂಡಳು. ಅತ್ತ ಮಗುವಿಗೆ "ಅಳು, ಅಳು, ಏನಾಗೂದಿಲ್ಲ" ಎಂದಳು. ನನ್ನ ಮುಖವನ್ನು ಒಮ್ಮೆಯೂ ನೋಡಲಿಲ್ಲ, ಕ್ಷಮಿಸಿದಳೆಂದು ನಾನು ತಿಳಿದುಕೊಳ್ಳುವಂತಿಲ್ಲ. ಕೊನೆಯ ಹುಡುಗನದು ಮುಗಿಯಿತು. ಎಂಜಿನ್ನಿನ ಗದ್ದಲದಲ್ಲಿ ಅವಳ ಮಾತು ಕೇಳಿಸದೆ ನಾನು ರಾಜಪ್ಪನಿಗೆ ಬಂದ್ ಮಾಡು ಎಂದು ಕೈ ಮಾಡಿದೆ. ಅವಳು ನನ್ನ ಕೈ ಹಿಡಿದು ಕೆಳಗಿಳಿಸಿದಳು.

"ಬಂದ್ ಮಾಡಬ್ಯಾಡ್ರಿ," ಎಂದು ಕೂಗಿ ಹೇಳಿದಳು. "ಹಳ್ಳದ ಆಚಿ ಕಣದಾವರಿಗೆ ಇನ್ನಾ ಕೇಳಿಲ್ಲ."

ರಾಜಪ್ಪ ಆಕ್ಸಿಲರೇಟರ್ ಒತ್ತಿ ಹಿಡಿದ. ನಾನು ಇನ್ನೊಂದು ನಳಿಗೆ ಒಡೆದೆ.